ಅಘನಾಶಿನಿ ಅಳಿವೆಯಲ್ಲಿ ಬಳಚು ಎಷ್ಟಿದೆ ಅಂತ ನಾವೇ ಲೆಕ್ಕ ಹಾಕಬಹುದಾ?

ಅಳಿವೆಯಂಚು:

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಅಳಿವೆಯ ಪಕ್ಕದ ಊರು. ಅಮ್ಮ ಮೂವತ್ತು ವರ್ಷದಿಂದ ಬಳಚು, ಅಂದರೆ ಕೆಸರಲ್ಲಿ ಹುದುಗಿರುವ ಎರಡು ಹೋಳಿನ ಚಿಪ್ಪುಮೀನು, ಆರಿಸುತ್ತಿದ್ದಾಳೆ. ಮೊದಲೆಲ್ಲ ಇಳಿತದ ಹೊತ್ತಿಗೆ ಹೊಯ್ಗೆ (ಮರಳು) ದಿಬ್ಬಕ್ಕೆ ಹೋದರೆ ನೀರು ತಿರುಗಿ ಏರುವಷ್ಟರಲ್ಲಿ ಎರಡು ಬುಟ್ಟಿ ತುಂಬುತ್ತಿತ್ತು. ಈಗ ಒಂದು ತುಂಬಿದರೆ ಅದೇ ಪುಣ್ಯ. ಅದರಲ್ಲೂ ಸಣ್ಣವೇ ಜಾಸ್ತಿ.

ಯಾಕೆ ಹೀಗಾಯಿತು ಅಂತ ಊರಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. 2019ರ ನೆರೆಯಲ್ಲಿ ಸತ್ತವು, ಆಮೇಲೆ ಮೊದಲಿನ ಹಾಗೆ ಆಗಲೇ ಇಲ್ಲ ಅಂತ ಕೆಲವರು. ಆರಿಸುವವರು ಹೆಚ್ಚಾದರು, ಲಾರಿಗೆ ತುಂಬಿ ಕಳಿಸುವುದು ಶುರುವಾಯಿತು, ಅದಕ್ಕೇ ಅಂತ ಇನ್ನು ಕೆಲವರು. ಹೊಯ್ಗೆ ತೆಗೆದು ತೆಗೆದು ದಿಬ್ಬವೇ ಜಾಗ ಬದಲಿಸಿದೆ ಅಂತ ದೋಣಿಯವರು ಹೇಳುತ್ತಾರೆ. ಮೂರರಲ್ಲಿ ಯಾವುದು ನಿಜ, ಅಥವಾ ಮೂರೂ ನಿಜವಾ, ನನಗೆ ಗೊತ್ತಾಗುತ್ತಿಲ್ಲ.

ಹೋದ ತಿಂಗಳು ಇದೇ ವಿಷಯಕ್ಕೆ ನಾಲ್ಕೈದು ಹೆಂಗಸರು ಒಂದು ಕಚೇರಿಗೆ ಅರ್ಜಿ ಹಿಡಿದು ಹೋಗಿದ್ದರು. "ಕಡಿಮೆಯಾಗಿದೆ ಅಂತೀರಲ್ಲ, ಎಷ್ಟು ಕಡಿಮೆಯಾಗಿದೆ? ಲೆಕ್ಕ ಇದೆಯಾ?" ಅಂತ ಅಲ್ಲಿ ಕೇಳಿದರಂತೆ. ಅಮ್ಮ ಏನೂ ಹೇಳಲಾಗದೆ ಬಂದಳು. ಇಷ್ಟು ವರ್ಷ ಆ ಕೆಸರಲ್ಲಿ ಕೈ ಆಡಿಸಿದವಳಿಗೆ ಉತ್ತರ ಇಲ್ಲದ ಹಾಗಾಯಿತಲ್ಲ ಅಂತ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

2024ರ ಜನವರಿಯಲ್ಲಿ ನಮ್ಮ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತಾರಾಷ್ಟ್ರೀಯ ಪಟ್ಟಿಗೆ, ಸೇರಿತು. 4,801 ಹೆಕ್ಟೇರ್ ಅಂತೆ. ಸಂತೋಷವೇ. ಆದರೆ ಅದರೊಳಗೆ ಬಳಚು ಎಷ್ಟಿದೆ ಅಂತ ಯಾರಾದರೂ ವರ್ಷ ವರ್ಷ ಎಣಿಸುತ್ತಾರಾ? ಕೆಸರೊಳಗೆ ಹುದುಗಿರುವುದನ್ನು ಎಣಿಸುವುದಾದರೂ ಹೇಗೆ? ನಾನು ಓದಿದ್ದು ಬಿ.ಕಾಂ. ಲೆಕ್ಕ ಬರೆಯುವುದು ಗೊತ್ತು, ಸಮುದ್ರದ ವಿಜ್ಞಾನ ಗೊತ್ತಿಲ್ಲ. ಊರಿನವರೇ ಸೇರಿ ಮಾಡಬಹುದಾದ ದಾರಿ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಕೋಡಿಬಾಗದ ಹಳೆ ವಿದ್ಯಾರ್ಥಿ:

ತಂಗಿ, ಖಂಡಿತ ಮಾಡಬಹುದು. ನಾನು ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ಓದಿದವನು. ಎರಡು ವರ್ಷ ಕಾಳಿ ಅಳಿವೆಯ ಕೆಸರು ಜಾಲಿಸಿದ್ದೇನೆ. ನಾವು ಮಾಡಿದ್ದಕ್ಕೂ ನಿಮ್ಮ ಅಮ್ಮ ಮಾಡುವುದಕ್ಕೂ ಬಹಳ ವ್ಯತ್ಯಾಸ ಇಲ್ಲ. ನಾವು ಜಾಗದ ಅಳತೆ ಇಟ್ಟುಕೊಂಡು ಆರಿಸುತ್ತಿದ್ದೆವು, ಅಷ್ಟೇ.

ಮೊದಲು ಒಂದು ಚೌಕಟ್ಟು ಮಾಡಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಸರಳಿಂದ 50 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಚೌಕ ಹಾಕಿಸಿದರೆ ಸಾಕು. ಅಂಥ ನಾಲ್ಕು ಚೌಕ ಸೇರಿದರೆ ಒಂದು ಚದರ ಮೀಟರ್. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತಕ್ಕೆ ದಿಬ್ಬಕ್ಕೆ ಹೋಗಿ. ದಡದ ಕಡೆಯಿಂದ ನೀರಿನ ಅಂಚಿನವರೆಗೆ ನೆಟ್ಟಗೆ ಒಂದು ಹಗ್ಗ ಎಳೆಯಿರಿ. ಹಗ್ಗದ ಉದ್ದಕ್ಕೂ ಇಪ್ಪತ್ತು ಹೆಜ್ಜೆಗೊಮ್ಮೆ ಚೌಕಟ್ಟು ಇಡಿ. ಅದರೊಳಗಿನ ಹೊಯ್ಗೆಯನ್ನು ಒಂದು ಗೇಣು ಆಳಕ್ಕೆ ಪೂರ್ತಿ ತೆಗೆದು ಜರಡಿಯಲ್ಲಿ ಜಾಲಿಸಿ. ಸಿಕ್ಕಿದ ಅಷ್ಟೂ ಬಳಚು ಎಣಿಸಿ ಬರೆದು, ಅಳತೆ ಆದ ಮೇಲೆ ಅಲ್ಲೇ ವಾಪಸ್ ಬಿಡಿ.

ಇಲ್ಲಿ ಎಲ್ಲರೂ ತಪ್ಪುವುದು ಒಂದೇ ಕಡೆ. ಆರಿಸಿ ಆರಿಸಿ ರೂಢಿಯಾದವರ ಕೈ ತಾನಾಗಿಯೇ ಬಳಚು ಇರುವ ಜಾಗಕ್ಕೆ ಹೋಗುತ್ತದೆ. ಹೊಯ್ಗೆಯ ಮೇಲಿನ ಸಣ್ಣ ತೂತು ನೋಡಿಯೇ ಅವರಿಗೆ ಗೊತ್ತಾಗುತ್ತದೆ. ಎಣಿಸುವ ದಿನ ಮಾತ್ರ ಹಾಗೆ ಮಾಡಬಾರದು. ಹಗ್ಗ ಎಲ್ಲಿ ತೋರಿಸುತ್ತದೋ ಅಲ್ಲೇ ಚೌಕಟ್ಟು ಬೀಳಬೇಕು, ಅಲ್ಲಿ ಒಂದೂ ಇಲ್ಲ ಅಂತ ನಿಮಗೆ ಕಣ್ಣಿಗೇ ಕಂಡರೂ ಸರಿ. ಆ ಸೊನ್ನೆಯನ್ನೂ ಬರೆಯಬೇಕು. ಸೊನ್ನೆ ಬಿಟ್ಟರೆ ಲೆಕ್ಕ ಸುಳ್ಳಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಮೂರು ಕಡೆ ಹಗ್ಗ ಎಳೆದು 30 ಚೌಕ ನೋಡಿದಿರಿ, ಒಟ್ಟು 90 ಬಳಚು ಸಿಕ್ಕಿತು ಅಂದುಕೊಳ್ಳಿ. ಚೌಕಕ್ಕೆ 3, ಚದರ ಮೀಟರಿಗೆ 12. ಒಂದು ಹೆಕ್ಟೇರಿಗೆ 1,20,000. ದಿಬ್ಬದ ಸುತ್ತ ಮೊಬೈಲ್ ಹಿಡಿದು ನಡೆದರೆ ಅದರ ವಿಸ್ತಾರವೂ ಸಿಗುತ್ತದೆ, ಗುಣಿಸಿದರಾಯಿತು. ಆದರೆ ಸರಾಸರಿ ಒಂದನ್ನೇ ಬರೆದಿಡಬೇಡಿ, ಮೂವತ್ತೂ ಅಂಕಿ ಬರೆಯಿರಿ. ಯಾಕೆಂದರೆ ಬಳಚು ಗುಂಪು ಗುಂಪಾಗಿ ಇರುತ್ತದೆ. ಎರಡೇ ಚೌಕದಲ್ಲಿ ನಲವತ್ತು ನಲವತ್ತು ಸಿಕ್ಕಿ ಉಳಿದದ್ದೆಲ್ಲ ಹೆಚ್ಚುಕಮ್ಮಿ ಖಾಲಿ ಇದ್ದರೂ ಸರಾಸರಿ ಮೂರೇ ಬರುತ್ತದೆ. ಆ ದಿಬ್ಬದ ಸ್ಥಿತಿ ಬೇರೆ, ಎಲ್ಲ ಕಡೆ ಎರಡು ಮೂರು ಸಿಕ್ಕುವ ದಿಬ್ಬದ ಸ್ಥಿತಿ ಬೇರೆ, ಅಲ್ವಾ?

ಎಣಿಸುವುದರ ಜೊತೆಗೆ ಅಳೆಯಲೇಬೇಕು. ನೂರು ಬಳಚು ತೆಗೆದು ಚಿಪ್ಪಿನ ಉದ್ದನೆಯ ಕಡೆ ಎಷ್ಟು ಮಿಲಿಮೀಟರ್ ಅಂತ ಸ್ಕೇಲಿಟ್ಟು ಬರೆಯಿರಿ. ನನ್ನ ಪ್ರಕಾರ ಸಂಖ್ಯೆಗಿಂತ ಇದೇ ಜಾಸ್ತಿ ಹೇಳುತ್ತದೆ. ಸಣ್ಣವು ಬೇಕಾದಷ್ಟು ಇದ್ದು ದೊಡ್ಡವು ಇಲ್ಲ ಅಂದರೆ, ಹುಟ್ಟುತ್ತಿವೆ, ಬೆಳೆಯುವ ಮುಂಚೆ ಯಾರೋ ತೆಗೆಯುತ್ತಿದ್ದಾರೆ ಅಥವಾ ಬೇರೆ ಕಾರಣಕ್ಕೆ ಸಾಯುತ್ತಿವೆ. ದೊಡ್ಡವು ಮಾತ್ರ ಇದ್ದು ಸಣ್ಣವು ಕಾಣದಿದ್ದರೆ, ಮರಿ ಬಂದು ನೆಲೆ ನಿಲ್ಲುತ್ತಿಲ್ಲ. ನನಗೆ ಹೆಚ್ಚು ಭಯ ಆಗುವುದು ಎರಡನೆಯದನ್ನು ಕಂಡರೆ. ಆಗ ಬುಟ್ಟಿ ಇನ್ನೂ ಚೆನ್ನಾಗಿಯೇ ತುಂಬುತ್ತಿರುತ್ತದೆ, ಯಾರಿಗೂ ಏನೂ ಅನಿಸಿರುವುದಿಲ್ಲ. ನೀವು ಹೇಳಿದ್ದು ಮೊದಲನೆಯದರ ಹಾಗಿದೆ, ಆದರೆ ಅಳೆಯದೆ ಒಪ್ಪಬೇಡಿ.

ಸತ್ತ ಚಿಪ್ಪನ್ನೂ ನೋಡಿ. ಎರಡೂ ಹೋಳು ಇನ್ನೂ ಅಂಟಿಕೊಂಡು ಒಳಗೆ ಖಾಲಿ ಇದ್ದರೆ ಅದು ಇತ್ತೀಚೆಗೆ ಸತ್ತದ್ದು. ಚಿಪ್ಪಿನ ಮೇಲೆ ದುಂಡಗೆ, ಬೈರಿಗೆಯಲ್ಲಿ ಕೊರೆದ ಹಾಗೆ ಅಚ್ಚುಕಟ್ಟಾದ ತೂತು ಇದ್ದರೆ ಅದು ಮಾಂಸ ತಿನ್ನುವ ಕಡಲ ಬಸವನಹುಳುವಿನ ಕೆಲಸ. ತೂತು ಇಲ್ಲದ ಜೋಡಿ ಚಿಪ್ಪುಗಳು ರಾಶಿ ರಾಶಿ ಸಿಕ್ಕಿದರೆ ನೀರಿಗೆ ಏನೋ ಆಗಿದೆ.

ತದಡಿ ದೋಣಿ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಚೌಕಟ್ಟಿನ ಎಣಿಕೆ ತಿಂಗಳಿಗೊಮ್ಮೆ ಆದರೆ ಹೆಚ್ಚು. ಆದರೆ ಅಮ್ಮ ದಿನಾ ಹೋಗುತ್ತಾರಲ್ಲ, ಅದನ್ನೂ ಬರೆಯಿರಿ. ಎಷ್ಟು ಹೊತ್ತಿಗೆ ಇಳಿದರು, ಎಷ್ಟು ಹೊತ್ತಿಗೆ ಮೇಲೆ ಬಂದರು, ಎಷ್ಟು ಬುಟ್ಟಿ, ಯಾವ ದಿಬ್ಬ. ನಾಲ್ಕೇ ಕಾಲಂ.

ಬಂದರಲ್ಲಿ ಸಿಎಂಎಫ್‌ಆರ್‌ಐನವರು (ಕೇಂದ್ರದ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಮೀನಿನ ಲೆಕ್ಕ ತೆಗೆಯುವುದೂ ಇದೇ ಲೆಕ್ಕಾಚಾರದ ಮೇಲೆ. ಎಲ್ಲ ದೋಣಿಯನ್ನೂ ನೋಡಲು ಆಗುವುದಿಲ್ಲ. ಕೆಲವು ಬಂದರು, ಕೆಲವು ದಿನ, ಕೆಲವು ದೋಣಿ ಆರಿಸಿಕೊಂಡು ಎಷ್ಟು ಮೀನು ಬಂತು ಅನ್ನುವುದರ ಜೊತೆಗೆ ಎಷ್ಟು ಗಂಟೆ ಬಲೆ ಹಾಕಿದಿರಿ, ಎಷ್ಟು ಆಳದಲ್ಲಿ ಅಂತಲೂ ಕೇಳುತ್ತಾರೆ. ಮೊದಮೊದಲು ನಮಗೆ ಅದು ಸುಮ್ನೆ ತಲೆ ತಿನ್ನುವ ಪ್ರಶ್ನೆ ಅನಿಸುತ್ತಿತ್ತು. ಆಮೇಲೆ ಅರ್ಥ ಆಯಿತು. ಒಂದು ದಿನದಲ್ಲಿ ಸಿಕ್ಕುತ್ತಿದ್ದ ಬಂಗಡೆ ಈಗ ಮೂರು ದಿನ ತಿರುಗಿದ ಮೇಲೆ ಅಷ್ಟೇ ಸಿಕ್ಕಿದರೆ, ಬಂದರಿನ ತಕ್ಕಡಿಗೆ ಎರಡೂ ಒಂದೇ. ಕಡಲಿಗೆ ಒಂದೇ ಅಲ್ಲ. ಗಂಟೆ ಬರೆಯದೆ ಬರೀ ತೂಕ ಬರೆದರೆ ಈ ವ್ಯತ್ಯಾಸ ಎಲ್ಲೂ ಸಿಗುವುದಿಲ್ಲ.

ಕೋಡಿಬಾಗದ ಹಳೆ ವಿದ್ಯಾರ್ಥಿ:

ಸರಿಯಾದ ಮಾತು. ಒಂದು ಎಚ್ಚರ ಮಾತ್ರ ಇರಲಿ. ಬುಟ್ಟಿಯ ಲೆಕ್ಕ ಒಂದನ್ನೇ ನಂಬಿದರೆ ಕೆಲವೊಮ್ಮೆ ಮೋಸ ಆಗುತ್ತದೆ. ಒಂದು ದಿಬ್ಬ ಖಾಲಿಯಾದರೆ ಹೆಂಗಸರು ಇನ್ನೊಂದು ಒಳ್ಳೆಯ ದಿಬ್ಬಕ್ಕೆ ಹೋಗುತ್ತಾರೆ, ಅದು ಸಹಜ. ಹಾಗಾಗಿ ಗಂಟೆಗೆ ಸಿಗುವ ಬುಟ್ಟಿ ಬಹಳ ದಿನ ಹಾಗೇ ಇರುತ್ತದೆ, ಒಂದೊಂದೇ ದಿಬ್ಬ ಬರಿದಾಗುತ್ತಿದ್ದರೂ. ಕೊನೆಯ ದಿಬ್ಬಕ್ಕೆ ಬಂದಾಗ ಒಮ್ಮೆಲೇ ಕುಸಿಯುತ್ತದೆ. ಅದಕ್ಕೇ "ಯಾವ ದಿಬ್ಬ" ಅನ್ನುವ ಕಾಲಂ ಬಿಡಬೇಡಿ. ಚೌಕಟ್ಟಿನ ಎಣಿಕೆಯೂ ಪ್ರತಿ ಸಲ ಅದೇ ದಿಬ್ಬಗಳಲ್ಲಿ ಆಗಲಿ, ಬಳಚು ಇಲ್ಲದಿದ್ದರೂ.

ಶರಾವತಿ ಬದಿ:

ನಾನು ಹೊನ್ನಾವರದವಳು. ಬಳಚು ಅಂದ ಕೂಡಲೇ ಸುಮ್ಮನೆ ಓದಿ ಹೋಗಲು ಆಗಲಿಲ್ಲ. ನಮ್ಮ ಅಜ್ಜಿ ಶರಾವತಿಯಲ್ಲಿ ಆರಿಸಿದವಳು. ಈಗ ನಾವು ಬಳಚು ತಿನ್ನಬೇಕು ಅಂದರೆ ನಿಮ್ಮ ಕಡೆಯಿಂದ ಬಂದದ್ದನ್ನು ಕೊಂಡು ತಿನ್ನುತ್ತೇವೆ.

ಎರಡೂ ನದಿ ಒಂದೇ ಜಿಲ್ಲೆಯಲ್ಲಿ ಕಡಲು ಸೇರುತ್ತವೆ, ಮಧ್ಯೆ ದೂರವೂ ಬಹಳ ಇಲ್ಲ. ವ್ಯತ್ಯಾಸ ಉಪ್ಪಿನಲ್ಲಿದೆ. ಕಡಲ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಉಪ್ಪು. ಮಳೆಗಾಲದಲ್ಲಿ ಅಳಿವೆಯ ನೀರು ಹೆಚ್ಚುಕಮ್ಮಿ ಸಿಹಿಯೇ ಆಗಿಬಿಡುತ್ತದೆ. ಮಳೆ ನಿಂತ ಮೇಲೆ ಭರತದ ಜೊತೆ ಉಪ್ಪು ನಿಧಾನವಾಗಿ ಒಳಗೆ ಏರಬೇಕು. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಅಲ್ಲಿ ಅದು ಹಾಗೇ ಆಗುತ್ತದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಆಯಿತು, ಆಮೇಲೆ ಕೆಳಗೆ ಗೇರುಸೊಪ್ಪೆಯದ್ದೂ ಬಂತು. ಕರೆಂಟ್ ತೆಗೆದ ನೀರು ಬೇಸಿಗೆಯಲ್ಲೂ ಹರಿದು ಬರುತ್ತಲೇ ಇರುತ್ತದೆ. ಉಪ್ಪು ಮೇಲೇರಲು ಜಾಗವೇ ಇಲ್ಲ. ಬೆಂಗಳೂರಿನ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದವರು ಎರಡೂ ಅಳಿವೆಗಳಲ್ಲಿ ಓಡಾಡಿ ಇದನ್ನೇ ಬರೆದಿದ್ದಾರೆ. 2008ರ ಅವರ ವರದಿಯಲ್ಲಿ ಅಘನಾಶಿನಿಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಮೀನು ಸಿಗುತ್ತದೆ ಅಂತ ಇತ್ತು. ಹಾಗಾಗಿ ನಿಮ್ಮ ಅಳಿವೆಯನ್ನು ಯಾರೂ ಎಣಿಸಿಯೇ ಇಲ್ಲ ಅಂತ ಅಲ್ಲ. ಹೋಲಿಸಿ ನೋಡಲು ಒಂದು ಹಳೆಯ ಅಂಕಿ ನಿಮ್ಮ ಕೈಯಲ್ಲಿದೆ. ನಮಗೆ ಆ ಭಾಗ್ಯ ಇರಲಿಲ್ಲ. ನಮ್ಮಲ್ಲಿ ಅಣೆಕಟ್ಟಿಗೆ ಮುಂಚೆ ಎಷ್ಟಿತ್ತು ಅಂತ ಕೇಳಿದರೆ ಅಜ್ಜಿಯ ಮಾತು ಬಿಟ್ಟರೆ ನನ್ನ ಹತ್ತಿರ ಏನೂ ಇಲ್ಲ.

ದಯವಿಟ್ಟು ಉಪ್ಪನ್ನೂ ಅಳೆಯಿರಿ. ರಿಫ್ರಾಕ್ಟೋಮೀಟರ್ ಅಂತ ಒಂದು ಕೈಯಲ್ಲಿ ಹಿಡಿಯುವ ಕೊಳವೆ ಇದೆ. ಗಾಜಿನ ಮೇಲೆ ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದು ನೋಡಿದರೆ ಅಂಕಿ ಕಾಣುತ್ತದೆ. ಸೀಗಡಿ ಕೆರೆ ಮಾಡುವವರ ಹತ್ತಿರ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ಶಿರಸಿ ಮಳೆ:

ಘಟ್ಟದ ಮೇಲಿನವನು ನಡುವೆ ಬಾಯಿ ಹಾಕುತ್ತಿದ್ದೇನೆ. ಅಘನಾಶಿನಿ ಹುಟ್ಟುವುದೇ ನಮ್ಮ ಶಿರಸಿಯ ಶಂಕರಹೊಂಡದ ಕಡೆ. ಅಂದರೆ ನಮ್ಮ ಅಂಗಳದ ನೀರು ಉಂಚಳ್ಳಿಯಲ್ಲಿ ಧುಮುಕಿ ನಿಮ್ಮ ದಿಬ್ಬಕ್ಕೆ ಬರುತ್ತದೆ. 2019ರ ಆಗಸ್ಟಿನಲ್ಲಿ ಇಲ್ಲಿ ಸುರಿದ ಮಳೆ ನೆನಪಿದೆ. ತೋಟದ ಮೇಲ್ಮಣ್ಣು ಹಳ್ಳಕ್ಕೆ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದೇ ಮಣ್ಣು ಬಳಚನ್ನು ಕೊಂದಿತಾ? ಸಿಹಿನೀರಿಗೇ ಸಾಯುವುದಾದರೆ ಪ್ರತಿ ಮಳೆಗಾಲದಲ್ಲೂ ಸಾಯಬೇಕಿತ್ತಲ್ಲ?

ಕೋಡಿಬಾಗದ ಹಳೆ ವಿದ್ಯಾರ್ಥಿ:

ಒಳ್ಳೆಯ ಪ್ರಶ್ನೆ ಕೇಳಿದಿರಿ. ನೀರು ಸಿಹಿಯಾದರೆ ಬಳಚು ಚಿಪ್ಪು ಬಿಗಿಯಾಗಿ ಮುಚ್ಚಿ ಕೂರುತ್ತದೆ. ಭರತ ಬಂದಾಗ ತಳದಲ್ಲಿ ಸ್ವಲ್ಪ ಉಪ್ಪು ನೀರು ನುಗ್ಗುತ್ತದೆ. ಉಪ್ಪು ನೀರು ಭಾರ, ಅದು ಅಡಿಯಲ್ಲೇ ಸಾಗುತ್ತದೆ. ಆಗ ಬಾಯಿ ತೆರೆದು ಉಸಿರಾಡಿ ಮತ್ತೆ ಮುಚ್ಚುತ್ತದೆ. ಸಾಮಾನ್ಯ ಮಳೆಗಾಲ ಹೀಗೆ ಕಳೆಯುತ್ತದೆ. ನೆರೆ ದಿನಗಟ್ಟಲೆ ಇಳಿಯದಿದ್ದರೆ ಭರತದ ನೀರಿಗೂ ಒಳಗೆ ಬರಲು ಆಗುವುದಿಲ್ಲ. ಎಷ್ಟು ದಿನ ಅಂತ ಮುಚ್ಚಿಕೊಂಡಿರುವುದು? ಮೇಲಿಂದ ನೀವು ಹೇಳಿದ ಮಣ್ಣು ಬಂದು ಕೂತರೆ ಸಣ್ಣ ಮರಿಗಳು ಹೂತೇ ಹೋಗುತ್ತವೆ. ಬಳಚು ನೀರನ್ನು ಸೋಸಿ ತಿನ್ನುವ ಪ್ರಾಣಿ, ಕೆಸರು ಜಾಸ್ತಿಯಾದರೆ ಸೋಸುವುದೂ ಕಷ್ಟ. ಹಾಗಾಗಿ ದೊಡ್ಡ ನೆರೆಗೆ ಬಳಚು ಸಾಯುವುದು ನಂಬುವಂಥ ಮಾತೇ.

ಆದರೆ ಎಲ್ಲ ಜಾತಿಗೂ ಒಂದೇ ನಿಯಮ ಅಲ್ಲ. ಚಿಪ್ಪಿನ ಮೇಲೆ ಸಾಲು ಸಾಲು ಏಣು ಇರುವ ಹಳದಿ ಕಂದು ಬಣ್ಣದ್ದು, ಪೇಫಿಯಾ ಮಲಬಾರಿಕಾ, ಉಪ್ಪು ಬೇಡುವಂಥದ್ದು, ಕಡಲ ಬಾಯಿಯ ಹತ್ತಿರ ಇರುತ್ತದೆ. ನುಣುಪು ದಪ್ಪ ಚಿಪ್ಪಿನ ಮೆರೆಟ್ರಿಕ್ಸ್ ಕಾಸ್ಟಾ ಉಪ್ಪಿನ ಏರುಪೇರನ್ನು ಹೆಚ್ಚು ತಾಳುತ್ತದೆ. ಕಪ್ಪು ಚಿಪ್ಪಿನ ವಿಲ್ಲೋರಿಟಾ ಇನ್ನೂ ಮೇಲೆ, ಉಪ್ಪು ಕಡಿಮೆ ಇರುವಲ್ಲಿ. ಆದ್ದರಿಂದ ತಂಗಿ, "ಬಳಚು" ಅಂತ ಒಟ್ಟು ಬರೆಯಬೇಡಿ, ಜಾತಿ ಬೇರೆ ಬೇರೆ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಅಮ್ಮ ಕರೆಯುವ ಹೆಸರೇ ಇರಲಿ, ಒಂದೊಂದು ಚಿಪ್ಪು ಡಬ್ಬಿಯಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ನೆರೆಗೆ ಸತ್ತರೂ ಅಲ್ಲಿಗೇ ಮುಗಿಯಬೇಕಾಗಿಲ್ಲ. ಬಳಚಿನ ಮೊಟ್ಟೆ ನೀರಲ್ಲೇ ಫಲಿಸಿ ಮರಿ ಕೆಲವು ದಿನ ಭರತ ಇಳಿತದ ಜೊತೆ ತೇಲಾಡಿ, ಆಮೇಲೆ ತಳಕ್ಕೆ ಇಳಿದು ನೆಲೆಯಾಗುತ್ತದೆ. ಉಳಿದ ತಾಯಿ ಬಳಚು ಸ್ವಲ್ಪ ಇದ್ದರೂ ದಿಬ್ಬ ಮತ್ತೆ ತುಂಬಬಹುದು, ತುಂಬಲು ಬಿಟ್ಟರೆ. 2019ರದ್ದು ನೆರೆಯ ಪೆಟ್ಟೇ ಇರಬಹುದು. ಇಷ್ಟು ವರ್ಷವಾದರೂ ಚೇತರಿಸಿಲ್ಲ ಅಂದರೆ ಬರೀ ನೆರೆಯ ಮೇಲೆ ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಶರಾವತಿ ಬದಿ:

"ಬಿಟ್ಟರೆ" ಅನ್ನುವುದಕ್ಕೆ ಒಂದು ಉದಾಹರಣೆ ಕೇರಳದಲ್ಲಿದೆ. ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಇದೇ ಪೇಫಿಯಾ ಬಳಚು. 1990ರ ದಶಕದ ಆರಂಭದಲ್ಲಿ ಅಲ್ಲೂ ವಿಪರೀತ ತೆಗೆದು ಕುಸಿದಿತ್ತು. ಆಮೇಲೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೆಗೆಯುವುದನ್ನು ನಿಲ್ಲಿಸಿದರು, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದು ಬೇಡ ಅಂತ ಮಾಡಿದರು. ಬಳಚು ತೆಗೆಯುವವರೇ ಕೂತು ಒಪ್ಪಿಕೊಂಡು ನಡೆಸಿದ್ದು ನನಗೆ ಇಷ್ಟವಾದ ಭಾಗ. 2014ರಲ್ಲಿ ಅದಕ್ಕೆ ಎಂಎಸ್‌ಸಿ ಪ್ರಮಾಣಪತ್ರ (ಸಂತತಿ ಬರಿದಾಗದ ಹಾಗೆ ಮೀನು ಹಿಡಿಯುತ್ತಾರೆ ಅಂತ ಕೊಡುವ ಅಂತಾರಾಷ್ಟ್ರೀಯ ಗುರುತು) ಸಿಕ್ಕಿತು, ಭಾರತದಲ್ಲಿ ಅದೇ ಮೊದಲು. ಆದರೆ ಆ ತಿಂಗಳುಗಳನ್ನೇ ತಂದು ಇಲ್ಲಿ ಅಂಟಿಸುವುದು ಬೇಡ. ನಮ್ಮ ಬಳಚು ಮೊಟ್ಟೆ ಇಡುವುದು ಯಾವಾಗ ಅಂತ ಇಲ್ಲಿಯದನ್ನೇ ಬಿಡಿಸಿ ನೋಡಬೇಕು.

ಅಳಿವೆಯಂಚು:

ಎಲ್ಲರಿಗೂ ತುಂಬ ಧನ್ಯವಾದ. ಅಮಾವಾಸ್ಯೆಯ ಇಳಿತಕ್ಕೆ ಹೋಗಿ ಬಂದೆವು. ನಾನು, ಅಮ್ಮ, ಪಕ್ಕದ ಮನೆಯ ಚಿಕ್ಕಮ್ಮ, ಹೈಸ್ಕೂಲಿನ ಇಬ್ಬರು ಹುಡುಗರು. ಒಂದು ದಿಬ್ಬದಲ್ಲಿ ಎರಡು ಹಗ್ಗ ಮಾತ್ರ ಆಯಿತು, ಅಷ್ಟರಲ್ಲಿ ನೀರು ತಿರುಗಿತು. 17 ಚೌಕ.

ಹಗ್ಗ ಹೇಳಿದಲ್ಲಿ ಚೌಕಟ್ಟು ಇಡಲು ಅಮ್ಮ ಮೊದಲು ಒಪ್ಪಲೇ ಇಲ್ಲ. "ಇಲ್ಲಿ ಇಲ್ಲ ಮಗಾ, ಅಲ್ಲಿ ನೋಡು" ಅಂತ ಪ್ರತಿ ಸಲ ಪಕ್ಕಕ್ಕೆ ಕೈ ತೋರಿಸುತ್ತಿದ್ದಳು. ಆಮೇಲೆ ನಾವು ಹೀಗೆ ಮಾಡಿದೆವು. ತೋಡುವ ಮುಂಚೆ ಎಷ್ಟು ಸಿಗಬಹುದು ಅಂತ ಅಮ್ಮನನ್ನೇ ಕೇಳಿ ಬರೆದುಕೊಂಡೆ, ಆಮೇಲೆ ತೋಡಿದೆವು. ಅವಳು "ಇಲ್ಲ" ಅಂದ 9 ಚೌಕದಲ್ಲಿ 8 ಖಾಲಿ ಬಂತು. ಆ ಕಾಲಂ ಹಾಗೇ ಇಟ್ಟುಕೊಂಡಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಅಳೆದಾಗ ಸಣ್ಣವೇ ಹೆಚ್ಚು ಬಂದವು. ಆದರೆ ಒಂದು ದಿಬ್ಬ, ಒಂದೇ ಇಳಿತ, ಈಗಲೇ ಏನೂ ಹೇಳುವುದಿಲ್ಲ. ಜೋಡಿ ಚಿಪ್ಪು ಖಾಲಿ ಇದ್ದದ್ದು ನಾಲ್ಕು, ಅದರಲ್ಲಿ ಒಂದಕ್ಕೆ ತೂತು ಇತ್ತು. ಉಪ್ಪು ಅಳೆಯುವ ಕೊಳವೆ ಗಜನಿಯಲ್ಲಿ (ಅಳಿವೆಯಂಚಿನ ಉಪ್ಪುನೀರಿನ ಗದ್ದೆ) ಸೀಗಡಿ ಮಾಡುವ ಒಬ್ಬರು ಕೊಡುತ್ತೇನೆ ಅಂದಿದ್ದಾರೆ.

ಹುಣ್ಣಿಮೆಗೆ ಮತ್ತೆ ಇಳಿಯುತ್ತೇವೆ. ಎರಡು ತಂಡ ಆದರೆ ಒಂದೇ ಇಳಿತದಲ್ಲಿ ಮೂರು ಹಗ್ಗ ಮುಗಿಯುತ್ತದೆ, ಅದಕ್ಕೆ ಇನ್ನೊಂದು ಚೌಕಟ್ಟು, ಇನ್ನೊಂದು ಜರಡಿ ಬೇಕು. ಕುಮಟಾ, ಗೋಕರ್ಣ ಕಡೆಯವರು ಯಾರಾದರೂ ಬರುವುದಿದ್ದರೆ ಇಲ್ಲೇ ಹೇಳಿ. ಬೆಳಿಗ್ಗೆ ಬೇಗ ಹೊರಡಬೇಕು, ನೀರು ಯಾರಿಗೂ ಕಾಯುವುದಿಲ್ಲ ಅಂತ ಅಮ್ಮ ಈಗಲೇ ಹೇಳಿಸಿದ್ದಾಳೆ.